ಮೋಟರ್‌ಹೋಮ್‌ಗಳಲ್ಲಿ ಏರ್ ಕೂಲರ್ ಮತ್ತು ಚಾವಣಿ ಫ್ಯಾನ್: ಡೊಂಬಿವಲಿ–ಠಾಣೆ ಪ್ರದೇಶ

ಮಲಗುವ ಜಾಗ, ಅಡುಗೆಕಟ್ಟೆ, ನೀರಿನ ಟ್ಯಾಂಕು, ಶೌಚಾಲಯ ಇವೆಲ್ಲವನ್ನೂ ಅಳವಡಿಸಿದ ವಾಹನವೇ ಮೋಟರ್‌ಹೋಮ್. ನಮ್ಮಲ್ಲಿ ಕ್ಯಾರವಾನ್ ಎಂದೂ ಕರೆಯುತ್ತಾರೆ. ಏರ್ ಕಂಡಿಷನರ್ ಇಲ್ಲದೆ, ಅಥವಾ ಇದ್ದರೂ ಇಡೀ ರಾತ್ರಿ ಅದನ್ನು ಓಡಿಸಲಾಗದೆ, ಇಂಥ ವಾಹನದ ಒಳಗನ್ನು ತಂಪಾಗಿಡಲು ಎರಡು ಸಾಧನಗಳು ಬಳಕೆಯಲ್ಲಿವೆ. ಒಂದು, ಒದ್ದೆ ಪ್ಯಾಡಿನ ಮೂಲಕ ಗಾಳಿಯನ್ನು ಹಾಯಿಸಿ ತಣಿಸುವ ಏರ್ ಕೂಲರ್. ಇನ್ನೊಂದು, ಚಾವಣಿಯಲ್ಲಿ ಕೊರೆದ ಕಂಡಿಗೆ ಕೂರಿಸಿ ಒಳಗಿನ ಬಿಸಿಗಾಳಿಯನ್ನು ಹೊರಗೆ ದೂಡುವ ಫ್ಯಾನ್. ಕೊಳ್ಳುವವರು ಸಾಮಾನ್ಯವಾಗಿ ಇವೆರಡರಲ್ಲಿ ಯಾವುದು ಹೆಚ್ಚು ತಂಪು ಎಂದು ಕೇಳುತ್ತಾರೆ. ಡೊಂಬಿವಲಿ, ಠಾಣೆ, ಕಲ್ಯಾಣ, ನವಿ ಮುಂಬೈಗಳಿಂದ ಹೊರಡುವ ವಾಹನಕ್ಕೆ ಆ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಗಾಡಿ ಸಹ್ಯಾದ್ರಿಯ ಯಾವ ಮಗ್ಗುಲಿನಲ್ಲಿ ರಾತ್ರಿ ಕಳೆಯುತ್ತದೆ? ಘಟ್ಟದ ಕೆಳಗಿನ ಕರಾವಳಿಯಲ್ಲಿ ಫ್ಯಾನಿಗೆ ಸಾಟಿಯಿಲ್ಲ. ಘಟ್ಟದಾಚೆಯ ಮಳೆನೆರಳಿನ ಬಯಲಿನಲ್ಲಿ ಬೇಸಗೆಯ ಮಧ್ಯಾಹ್ನ ಕೂಲರ್ ಮಾಡುವ ಕೆಲಸವನ್ನು ಫ್ಯಾನ್ ಮಾಡಲಾರದು. ಎರಡೂ ಕಡೆ ಚಾವಣಿಯ ಕಂಡಿಯಂತೂ ಬೇಕೇ ಬೇಕು, ಏಕೆಂದರೆ ಕೂಲರಿನ ಗಾಳಿಗೂ ಹೊರಹೋಗುವ ದಾರಿ ಬೇಕು.

ಎರಡು ದಾರಿಗಳು

ಡೊಂಬಿವಲಿ ಇರುವುದು ಉಲ್ಲಾಸ್ ನದಿಯ ಬಯಲಿನಲ್ಲಿ. ಪಶ್ಚಿಮದಲ್ಲಿ ಠಾಣೆಯ ಖಾಡಿ, ಪೂರ್ವಕ್ಕೆ ಮಲಂಗಗಡ, ಮಾಥೇರಾನಿನ ಗುಡ್ಡಸಾಲು, ಅದರ ಬೆನ್ನಿಗೆ ಸಹ್ಯಾದ್ರಿ. ಈ ಭಾಗದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಕರಾವಳಿಯಿಂದ ಬಂದವರೂ ಇದ್ದಾರೆ, ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಏಪ್ರಿಲ್–ಮೇ ರಜೆಯಲ್ಲಿ ಊರಿಗೆ ಹೊರಟಾಗ ಇವರ ದಾರಿಗಳು ಬೇರೆಯಾಗುತ್ತವೆ. ಒಂದು ದಾರಿ ಪನ್ವೇಲಿನಿಂದ ರಾಷ್ಟ್ರೀಯ ಹೆದ್ದಾರಿ 66 ಹಿಡಿದು ಕೊಂಕಣ, ಗೋವಾ, ಕಾರವಾರ ದಾಟಿ ಉಡುಪಿ, ಮಂಗಳೂರಿಗೆ ಹೋಗುತ್ತದೆ. ಕೊನೆಯವರೆಗೂ ಸಮುದ್ರದ ಗಾಳಿ ಬಿಡುವುದಿಲ್ಲ. ಇನ್ನೊಂದು ಕಳಂಬೋಲಿಯಲ್ಲಿ ಪುಣೆ ಎಕ್ಸ್‌ಪ್ರೆಸ್‌ವೇ ಹತ್ತಿ, ಖಂಡಾಲ ಘಟ್ಟ ಏರಿ, ಪುಣೆಯಿಂದ ಹೆದ್ದಾರಿ 65ರಲ್ಲಿ ಸೊಲ್ಲಾಪುರಕ್ಕೆ, ಅಲ್ಲಿಂದ ಅಕ್ಕಲಕೋಟೆ, ಕಲಬುರಗಿಯ ಕಡೆಗೋ ಹೆದ್ದಾರಿ 52ರಲ್ಲಿ ವಿಜಯಪುರಕ್ಕೋ ಹೋಗುತ್ತದೆ. ಖಂಡಾಲ ದಾಟಿದ ಕೆಲವೇ ಗಂಟೆಗಳಲ್ಲಿ ಗಾಳಿಯ ಸ್ವಭಾವವೇ ಬೇರೆಯಾಗಿರುತ್ತದೆ. ಪುಣೆಯಿಂದ ಹೆದ್ದಾರಿ 48ರಲ್ಲಿ ಬೆಳಗಾವಿಗೆ ಹೋಗುವ ಮೂರನೆಯ ದಾರಿಯೂ ಇದೆ. ಎತ್ತರ ಮತ್ತು ಮೇ ತಿಂಗಳ ಅಡ್ಡಮಳೆಯಿಂದ ಬೆಳಗಾವಿಯ ಸಂಜೆ ತಾನಾಗಿಯೇ ತಣ್ಣಗಾಗುವುದರಿಂದ ಅಲ್ಲಿ ಕಿಟಕಿ ತೆರೆದು ಫ್ಯಾನ್ ನಿಧಾನವಾಗಿ ಬಿಟ್ಟರೆ ಸಾಕು.

ಮೇ ತಿಂಗಳಲ್ಲಿ ಡೊಂಬಿವಲಿಯ ಹಗಲು ಸುಮಾರು 34 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 65ರ ಆಸುಪಾಸು ಎಂದು ಇಟ್ಟುಕೊಳ್ಳೋಣ. ಸೊಲ್ಲಾಪುರದ ಮಧ್ಯಾಹ್ನ 42 ಡಿಗ್ರಿ, ತೇವಾಂಶ ಶೇ. 20. ಉಷ್ಣಮಾಪಕ ನೋಡಿದವರು ಸೊಲ್ಲಾಪುರವೇ ಕಷ್ಟ ಎನ್ನುತ್ತಾರೆ. ಆದರೆ ನೀರನ್ನು ಬಳಸಿ ತಣಿಸುವ ಅವಕಾಶ ಇರುವುದು ಸೊಲ್ಲಾಪುರದಲ್ಲೇ.

ನೀರು ತಣಿಸುವ ಬಗೆ

ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರುತ್ತದೆ. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವುದು ಇದರಿಂದಲೇ. ಬೇಸಗೆಯ ಉಷ್ಣತೆಯಲ್ಲಿ ಒಂದು ಲೀಟರ್ ನೀರು ಆವಿಯಾಗಲು ಸುಮಾರು 2430 ಕಿಲೋಜೌಲ್ ಶಾಖ ಬೇಕು. ಗಂಟೆಗೆ ಒಂದು ಲೀಟರ್ ಆವಿಯಾದರೆ ಸುಮಾರು 675 ವ್ಯಾಟ್‌ನಷ್ಟು ಶಾಖ ಗಾಳಿಯಿಂದ ಹೋದಂತೆ. ಆದರೆ ಗಾಳಿ ಎಷ್ಟು ಒಣಗಿದೆಯೋ ಅಷ್ಟೇ ನೀರನ್ನು ಅದು ಒಪ್ಪಿಕೊಳ್ಳುತ್ತದೆ. ಆ ಮಿತಿಯನ್ನು ತೋರಿಸುವುದು ಆರ್ದ್ರ ಬಲ್ಬ್ ತಾಪಮಾನ, ಅಂದರೆ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದ ಉಷ್ಣಮಾಪಕ ಇಳಿದು ನಿಲ್ಲುವ ಬಿಂದು. ಒಣ ಮತ್ತು ಆರ್ದ್ರ ತಾಪಮಾನ, ತೇವಾಂಶ ಇವುಗಳ ಸಂಬಂಧವನ್ನು ಒಂದೇ ನಕ್ಷೆಯಲ್ಲಿ ಓದುವಂತೆ ಮಾಡಿದವರು ಅಮೆರಿಕದ ವಿಲಿಸ್ ಕ್ಯಾರಿಯರ್. ಅವರು ಅದನ್ನು 1911ರಲ್ಲಿ ಮಂಡಿಸಿದರು. ಇಂದಿಗೂ ಕೂಲರ್ ಕೆಲಸ ಮಾಡುತ್ತದೆಯೋ ಇಲ್ಲವೋ ಎಂದು ತಿಳಿಯಲು ಅದೇ ಲೆಕ್ಕ ಆಧಾರ.

ಸೊಲ್ಲಾಪುರದ 42 ಡಿಗ್ರಿ, ಶೇ. 20 ತೇವಾಂಶಕ್ಕೆ ಆರ್ದ್ರ ಬಲ್ಬ್ ತಾಪಮಾನ ಸುಮಾರು 24 ಡಿಗ್ರಿ. ನಡುವಿನ ಅಂತರ 18 ಡಿಗ್ರಿ. ಒಳ್ಳೆಯ ಪ್ಯಾಡಿನ ಕೂಲರ್ ಈ ಅಂತರದ ಮುಕ್ಕಾಲು ಪಾಲನ್ನು ಇಳಿಸಬಲ್ಲದು, ಹಾಗಾಗಿ ಅದರ ಬಾಯಿಂದ ಬರುವ ಗಾಳಿ 28–29 ಡಿಗ್ರಿಯಷ್ಟಿರುತ್ತದೆ. ಬಿಸಿಲಿನಲ್ಲಿ ಕಾದ ವಾಹನಕ್ಕೆ ಇದು ಜೀವ ಬಂದಂತೆ. ಡೊಂಬಿವಲಿಯ 34 ಡಿಗ್ರಿ, ಶೇ. 65ಕ್ಕೆ ಆರ್ದ್ರ ಬಲ್ಬ್ ತಾಪಮಾನವೇ 28.5ರಷ್ಟು. ಅಂತರ ಐದೂವರೆ ಡಿಗ್ರಿ. ಕೂಲರ್ ಇಳಿಸುವುದು ನಾಲ್ಕು. ಬರುವ ಗಾಳಿ 30 ಡಿಗ್ರಿ, ಅದರ ತೇವಾಂಶ ಮಾತ್ರ ಶೇ. 90ರ ಹತ್ತಿರ. ಇಂಥ ಗಾಳಿಯಲ್ಲಿ ಮೈಯ ಬೆವರು ಆರುವುದಿಲ್ಲ. ದೇಹ ತನ್ನನ್ನು ತಾನು ತಣಿಸಿಕೊಳ್ಳುವುದು ಬೆವರು ಆರುವುದರಿಂದ. ಕೂಲರ್ ಕೊಡುವ ನಾಲ್ಕು ಡಿಗ್ರಿಗಾಗಿ ಆ ದಾರಿಯನ್ನೇ ಮುಚ್ಚಿಕೊಳ್ಳುವುದು ನಷ್ಟದ ವ್ಯವಹಾರ. ಜುಲೈಯಲ್ಲಿ, 29 ಡಿಗ್ರಿ ಮತ್ತು ಶೇ. 88 ತೇವಾಂಶ ಇರುವಾಗ, ಅಂತರ ಎರಡು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಆಗ ಕೂಲರ್ ಹಾಸಿಗೆಗೆ ಬೂಷ್ಟು ಹಿಡಿಸುವ ಯಂತ್ರ ಅಷ್ಟೇ.

ತೇವದ ಬಿಸಿಲನ್ನು ಹಗುರವಾಗಿ ಎಣಿಸಬಾರದು ಎಂಬುದಕ್ಕೆ ಈ ಪ್ರದೇಶದಲ್ಲೇ ನೋವಿನ ಉದಾಹರಣೆಯಿದೆ. 2023ರ ಏಪ್ರಿಲ್ 16ರಂದು ನವಿ ಮುಂಬೈಯ ಖಾರಘರದ ಬಯಲಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭಕ್ಕೆ ಲಕ್ಷಾಂತರ ಜನ ಸೇರಿದ್ದರು. ಬಿಸಿಲಿನ ಹೊಡೆತಕ್ಕೆ 14 ಮಂದಿ ಸತ್ತರು. ಸಮೀಪದ ಹವಾಮಾನ ಕೇಂದ್ರದಲ್ಲಿ ಅಂದು ದಾಖಲಾದದ್ದು ಸುಮಾರು 38 ಡಿಗ್ರಿ. ಸೊಲ್ಲಾಪುರದವರಿಗೆ ದೊಡ್ಡದೆನಿಸದ ಅಂಕಿ ಅದು.

ಎರಡು ನಾಡಿನ ಹಳೆಯ ಅರಿವು

ಕರಾವಳಿಯ ಮನೆ ಮತ್ತು ಬಯಲುಸೀಮೆಯ ಮನೆ ಈ ವ್ಯತ್ಯಾಸವನ್ನು ಎಂದೋ ಗುರುತಿಸಿದ್ದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಪಶ್ಚಿಮ ಕರಾವಳಿಯುದ್ದಕ್ಕೂ ಹರಡಿದ ಹೆಂಚಿನ ಮಾಡು ಬರೀ ಮಳೆಗೆ ತಡೆಯಲ್ಲ. ಹೆಂಚುಗಳ ಸಂದಿನಲ್ಲಿ, ಗಾಳಿಗೆಂದೇ ಮಾಡಿದ ಬಾಯಿಹೆಂಚಿನಲ್ಲಿ, ಮೇಲೇರಿದ ಬಿಸಿಗಾಳಿ ಹೊರಹೋಗುತ್ತದೆ. ಎತ್ತರದ ಮಾಡು, ಕೆಳಗೆ ಜಗಲಿ, ನಡುವೆ ಗಾಳಿಯ ಓಡಾಟ. ಮೋಟರ್‌ಹೋಮಿನ ಚಾವಣಿ ಫ್ಯಾನ್ ಮಾಡುವುದೂ ಇದನ್ನೇ, ಮೋಟರಿನ ಬಲದಿಂದ.

ಬಯಲುಸೀಮೆಯಲ್ಲಿ ನೀರನ್ನೇ ಗಾಳಿಗೆ ಒಡ್ಡಿದರು. ವಿಜಯಪುರದ ಆಸಾರ್ ಮಹಲಿನ ಎದುರಿಗೆ ಕೊಳ. ನಗರದ ಪೂರ್ವಕ್ಕಿರುವ ಕುಮಟಗಿಯಲ್ಲಿ ಆದಿಲ್‌ಶಾಹಿ ಕಾಲದ ಜಲಮಂಟಪಗಳು, ಕಾರಂಜಿಗಳು, ನೀರು ಜಿನುಗುವ ಸೂರುಗಳು. ಉತ್ತರದ ಒಣನಾಡಿನಲ್ಲಿ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದು ರೂಢಿಯಲ್ಲಿತ್ತು. 19ನೇ ಶತಮಾನದಲ್ಲಿ ಬ್ರಿಟಿಷರ ಬಂಗಲೆಗಳಲ್ಲಿ ಅದೇ ಒದ್ದೆ ತಟ್ಟಿಯ ಹಿಂದೆ ಕೈಯಿಂದ ತಿರುಗಿಸುವ ದೊಡ್ಡ ಫ್ಯಾನ್ ಇಟ್ಟು ಥರ್ಮಾಂಟಿಡೋಟ್ ಎಂಬ ಯಂತ್ರ ಮಾಡಿದರು. ಇಂದಿನ ಡೆಸರ್ಟ್ ಕೂಲರಿಗೆ ಅದು ಹಿರಿಯಜ್ಜ. ಅಮೆರಿಕದ ನೈಋತ್ಯದ ಮರುಭೂಮಿಯಲ್ಲಿ ಕಳೆದ ಶತಮಾನದ ನಡುಭಾಗದ ಕಾರುಗಳು ಕಿಟಕಿಗೆ ಸಿಲಿಂಡರಿನಂಥ ನೀರಿನ ಕೂಲರ್ ಸಿಕ್ಕಿಸಿಕೊಂಡು ಓಡುತ್ತಿದ್ದವು. ಅದೇ ದೇಶದ ಮೋಟರ್‌ಹೋಮ್‌ಗಳಿಗೆ ಚಾವಣಿಯ ಕಂಡಿಗೆ ಹೊಂದುವ 12 ವೋಲ್ಟಿನ ಕೂಲರ್‌ಗಳು ಬಂದವು. ಅವು ಅರಿಜೋನಾದಲ್ಲಿ ಜನಪ್ರಿಯವಾದವು. ತೇವದ ಫ್ಲೋರಿಡಾದಲ್ಲಿ ಅವನ್ನು ಯಾರೂ ಬಯಸುವುದಿಲ್ಲ. ಸೊಲ್ಲಾಪುರ ಮತ್ತು ಡೊಂಬಿವಲಿಯ ನಡುವಿನ ಅಂತರವೂ ಅಂಥದೇ, ಒಂದೇ ದಿನದ ಪ್ರಯಾಣದೊಳಗೆ.

ಮುಂಬೈಯ ರೈಲಿನಲ್ಲೂ ಇದರ ಒಂದು ಅಧ್ಯಾಯವಿದೆ. 1934ರಲ್ಲಿ ಫ್ರಾಂಟಿಯರ್ ಮೇಲ್ ರೈಲಿನ ಬೋಗಿಯನ್ನು ಮಂಜುಗಡ್ಡೆಯ ಮೇಲೆ ಗಾಳಿ ಊದಿ ತಣಿಸಿದರು. ಲೋಕಲ್ ರೈಲಿನಲ್ಲಿ ಮಾತ್ರ ದಶಕಗಳ ಕಾಲ ಬಾಗಿಲ ಗಾಳಿ ಮತ್ತು ಫ್ಯಾನ್ ಬಿಟ್ಟರೆ ಬೇರೇನೂ ಇರಲಿಲ್ಲ. 2007ರಿಂದ ಬಂದ ಸೀಮೆನ್ಸ್ ಉಪಕರಣದ ರೇಕ್‌ಗಳ ಚಾವಣಿಯಲ್ಲಿ ಹೊರಗಿನ ಗಾಳಿಯನ್ನು ಒಳಕ್ಕೆ ದೂಡುವ ಬ್ಲೋವರ್‌ಗಳಿವೆ. ಕಿಕ್ಕಿರಿದ ಡಬ್ಬಿಯಲ್ಲಿ ಉಸಿರಿನಿಂದ ಹೆಚ್ಚುವ ಇಂಗಾಲದ ಡೈಆಕ್ಸೈಡನ್ನು ತಗ್ಗಿಸುವುದು ಅದರ ಉದ್ದೇಶ. ಸೆಂಟ್ರಲ್ ರೈಲ್ವೆಯಲ್ಲಿ ಏಸಿ ಲೋಕಲ್ ಬಂದದ್ದು 2020ರಲ್ಲಿ. ಬೆಳಗಿನ 8 ಗಂಟೆಗೆ ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತುವವರಿಗೆ, ಜನ ತುಂಬಿದ ಪೆಟ್ಟಿಗೆಯಲ್ಲಿ ಗಾಳಿ ನಿಂತರೆ ಏನಾಗುತ್ತದೆ ಎಂದು ವಿವರಿಸಬೇಕಾಗಿಲ್ಲ. ಬಾಗಿಲು ಮುಚ್ಚಿ ನಾಲ್ವರು ಮಲಗಿದ ಮೋಟರ್‌ಹೋಮ್ ಚಿಕ್ಕ ಪ್ರಮಾಣದಲ್ಲಿ ಅದೇ ಡಬ್ಬಿ.

ಚಾವಣಿ ಫ್ಯಾನ್

ಚಾವಣಿ ಫ್ಯಾನುಗಳ ಸಾಮಾನ್ಯ ಅಳತೆ 14 ಇಂಚು ಚೌಕದ ಕಂಡಿ. ಯುರೋಪಿನ ಮಾದರಿಗಳಿಗೆ 400 ಮಿಲಿಮೀಟರ್ ಚೌಕ. ಮೇಲೆ ಎತ್ತಿ ಮುಚ್ಚುವ ಮುಚ್ಚಳ, ನಡುವೆ 12 ವೋಲ್ಟಿನ ಫ್ಯಾನ್, ಕೆಳಗೆ ಸೊಳ್ಳೆ ಜಾಲರಿ. ಮ್ಯಾಕ್ಸ್‌ಫ್ಯಾನ್, ಫ್ಯಾನ್‌ಟಾಸ್ಟಿಕ್ ವೆಂಟ್ ಮುಂತಾದ ಹೆಸರುಗಳು ವಿದೇಶದಲ್ಲಿ ಪರಿಚಿತ. ಪೂರ್ಣ ವೇಗದಲ್ಲಿ ಇವು ನಿಮಿಷಕ್ಕೆ ಸುಮಾರು 900 ಘನ ಅಡಿ, ಅಂದರೆ ಗಂಟೆಗೆ 1500 ಘನ ಮೀಟರ್ ಗಾಳಿ ಎಳೆಯುತ್ತವೆ. ಟೆಂಪೋ ಟ್ರಾವೆಲರ್ ಗಾತ್ರದ ಗಾಡಿಯ ಒಳಗೆ 20 ಘನ ಮೀಟರ್ ಗಾಳಿ ಇದೆ ಎಂದುಕೊಂಡರೆ ಒಂದು ನಿಮಿಷದೊಳಗೆ ಒಳಗಿನ ಗಾಳಿಯೆಲ್ಲ ಬದಲಾಗುತ್ತದೆ. ಬಿಸಿಲಲ್ಲಿ ನಿಂತಿದ್ದ ಗಾಡಿಯ ಬಾಗಿಲು ತೆರೆದ ಕೂಡಲೇ ಈ ವೇಗ ಬೇಕು. ರಾತ್ರಿಗೆ ಅಷ್ಟು ಬೇಡ.

ರಾತ್ರಿಯ ಲೆಕ್ಕ ಹೀಗೆ. ಸುಮ್ಮನಿದ್ದ ಒಬ್ಬ ಮನುಷ್ಯ ಸುಮಾರು 100 ವ್ಯಾಟ್ ಶಾಖ ಹೊರಬಿಡುತ್ತಾನೆ, ನಿದ್ದೆಯಲ್ಲಿ ಸ್ವಲ್ಪ ಕಡಿಮೆ. ನಾಲ್ವರಿಂದ 400 ವ್ಯಾಟ್ ಎಂದು ಹಿಡಿಯೋಣ. ಗಂಟೆಗೆ 500 ಘನ ಮೀಟರ್ ಗಾಳಿ ಹಾಯ್ದರೆ, ಒಳಗು ಹೊರಗಿಗಿಂತ 3 ಡಿಗ್ರಿ ಹೆಚ್ಚಿದ್ದಾಗ, ಅದು 500 ವ್ಯಾಟ್ ಶಾಖವನ್ನು ಹೊತ್ತೊಯ್ಯುತ್ತದೆ. ಅಂದರೆ ಫ್ಯಾನಿನ ಮೂರನೇ ಒಂದು ವೇಗವೇ ಗಾಡಿಯ ಒಳಗನ್ನು ಹೊರಗಿನ ಉಷ್ಣತೆಗೆ ಎರಡು ಮೂರು ಡಿಗ್ರಿಯ ಸಮೀಪದಲ್ಲಿ ಇಡಬಲ್ಲದು. ತೇವದ ವಿಷಯವೂ ಅಷ್ಟೇ ಮುಖ್ಯ. ಮಲಗಿದ ಒಬ್ಬರ ಉಸಿರು ಮತ್ತು ಚರ್ಮದಿಂದ ಗಂಟೆಗೆ 40–50 ಗ್ರಾಂ ನೀರು ಆವಿಯಾಗುತ್ತದೆ. ನಾಲ್ವರು ಎಂಟು ಗಂಟೆ ಮಲಗಿದರೆ ಸುಮಾರು ಒಂದೂವರೆ ಲೀಟರ್. ಹೊರಹೋಗುವ ದಾರಿ ಇಲ್ಲದಿದ್ದರೆ ಅದು ತಗಡಿನ ಗೋಡೆಗೆ, ಹಾಸಿಗೆಯ ತಳಕ್ಕೆ ಕೂರುತ್ತದೆ. ಮೈಮೇಲೆ ಗಾಳಿ ಹರಿದರೆ ಸೆಕೆಯ ಅನುಭವದಲ್ಲೂ ಎರಡು ಮೂರು ಡಿಗ್ರಿ ಇಳಿದಂತೆ ಆಗುತ್ತದೆ. ಉಷ್ಣಮಾಪಕ ಅದನ್ನು ತೋರಿಸದಿದ್ದರೂ ನಿದ್ದೆ ತೋರಿಸುತ್ತದೆ.

ಫ್ಯಾನ್ ಸರಿಯಾಗಿ ಕೆಲಸ ಮಾಡುವುದು ಗಾಳಿಯ ದಾರಿಯನ್ನು ನಾವು ಗೊತ್ತುಪಡಿಸಿದಾಗ. ಎಲ್ಲ ಕಿಟಕಿಗಳನ್ನೂ ತೆರೆದಿಟ್ಟರೆ ಫ್ಯಾನ್ ತನಗೆ ಹತ್ತಿರದ ಕಿಟಕಿಯಿಂದ ಎಳೆದುಕೊಂಡು ಸುಮ್ಮನಾಗುತ್ತದೆ. ಹಾಸಿಗೆಯ ಬಳಿ ಗಾಳಿ ಕದಲುವುದಿಲ್ಲ. ಫ್ಯಾನಿನಿಂದ ದೂರದ, ನೆರಳಿನ ಮಗ್ಗುಲಿನ, ತಲೆದಿಂಬಿನ ಪಕ್ಕದ ಒಂದೇ ಕಿಟಕಿಯನ್ನು ತೆರೆದರೆ ಗಾಳಿ ಮಲಗಿದವರ ಮೇಲೆ ಹರಿದು ಹೋಗುತ್ತದೆ. ಶೌಚಾಲಯದ ಬಾಗಿಲು ಮತ್ತು ಕಿಟಕಿಯನ್ನು ಮಾತ್ರ ಮುಚ್ಚಿರಬೇಕು, ಇಲ್ಲವಾದರೆ ವಾಸನೆಯನ್ನೂ ಇದೇ ಫ್ಯಾನ್ ಗಾಡಿಯೊಳಗೆ ಎಳೆಯುತ್ತದೆ. ಹೊರಗೆ 40 ಡಿಗ್ರಿ ದಾಟಿದ ಒಣ ಮಧ್ಯಾಹ್ನ ಫ್ಯಾನಿನ ಮಿತಿ ಗೊತ್ತಾಗುತ್ತದೆ: ಅದು ಒಳಗೆ ತರುವ ಗಾಳಿಯೇ ಮೈಗಿಂತ ಬಿಸಿ.

ಠಾಣೆ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ. ಸೆಕೆ ಹೆಚ್ಚಿರುವ ಜೂನಿನ ರಾತ್ರಿಗಳಲ್ಲೇ ಮುಚ್ಚಳ ಹಾಕಬೇಕಾಗಿ ಬಂದರೆ ಫ್ಯಾನ್ ಇದ್ದೂ ಇಲ್ಲದಂತೆ. ಆದ್ದರಿಂದ ಈ ಪ್ರದೇಶದವರು ಮಳೆಯಲ್ಲೂ ತೆರೆದಿಡಬಲ್ಲ, ಮೇಲೆ ಸೂರಿನಂಥ ಕವಚ ಇರುವ ಮಾದರಿಯನ್ನೇ ಆರಿಸಬೇಕು. ಬೆಲೆಯ ವ್ಯತ್ಯಾಸ ಮೊದಲ ಮಳೆಗಾಲದಲ್ಲೇ ತೀರುತ್ತದೆ. ಕಂಡಿಯ ಅಂಚಿಗೆ ಬ್ಯೂಟೈಲ್ ಟೇಪು ಮತ್ತು ಸೀಲಂಟ್ ಹಾಕಿ, ಪ್ರತಿ ಮೇ ತಿಂಗಳಲ್ಲಿ ಬಿರುಕು ಬಿಟ್ಟಿದೆಯೇ ಎಂದು ನೋಡಬೇಕು. ಚಾವಣಿಯ ಸೋರಿಕೆ ಕಣ್ಣಿಗೆ ಬೀಳುವಷ್ಟರಲ್ಲಿ ಒಳಗಿನ ಪ್ಲೈವುಡ್ ಕೊಳೆತಿರುತ್ತದೆ.

ಡೊಂಬಿವಲಿಗೇ ಸೇರಿದ ಇನ್ನೊಂದು ಎಚ್ಚರಿಕೆಯಿದೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ವಾಸನೆ ಇಲ್ಲಿನವರ ಹಳೆಯ ದೂರು. 2020ರಲ್ಲಿ ಅಲ್ಲಿನ ಒಂದು ರಸ್ತೆಯೇ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಸುದ್ದಿಯಾಗಿತ್ತು. 2016 ಮತ್ತು 2024ರ ಮೇ ತಿಂಗಳುಗಳಲ್ಲಿ ನಡೆದ ಸ್ಫೋಟಗಳನ್ನು ಜನ ಮರೆತಿಲ್ಲ. ಫ್ಯಾನ್ ಹೊರಗಿನ ಗಾಳಿಯನ್ನು ಇದ್ದಂತೆಯೇ ಒಳಗೆ ತರುತ್ತದೆ, ಕೂಲರ್ ಕೂಡ ಹಾಗೆಯೇ. ದೂಳಿನ ಫಿಲ್ಟರ್ ಅನಿಲವನ್ನು ತಡೆಯುವುದಿಲ್ಲ. ಗಾಡಿಯನ್ನು ರಾತ್ರಿ ಎಲ್ಲಿ ನಿಲ್ಲಿಸುತ್ತೇವೆ ಎನ್ನುವುದು ಇಲ್ಲಿ ಯಾವ ಸಾಧನಕ್ಕಿಂತಲೂ ಹೆಚ್ಚಿನ ವಿಷಯ.

ಕೂಲರ್

ಭಾರತದ ಮನೆ ಕೂಲರುಗಳಿಗೆ ಐಎಸ್ 3315 ಎಂಬ ಮಾನದಂಡವಿದೆ. ಅಹಮದಾಬಾದಿನ ಸಿಂಫನಿಯಂಥ ಕಂಪನಿಗಳು ಇವನ್ನು ಪ್ಲಾಸ್ಟಿಕ್ ಮೈಯ, ಕೋಣೆಯಲ್ಲಿಡುವ ಚೆಂದದ ಪೆಟ್ಟಿಗೆಗಳಾಗಿ ಮಾರ್ಪಡಿಸಿದವು. ಮೋಟರ್‌ಹೋಮಿಗೆಂದೇ ಮಾಡಿದ ಕೂಲರ್ ನಮ್ಮ ಅಂಗಡಿಗಳಲ್ಲಿ ಅಪರೂಪ. ಜನ ಮನೆಯ ಚಿಕ್ಕ ಕೂಲರನ್ನೇ ಇನ್ವರ್ಟರಿಗೆ ಹಾಕಿಕೊಳ್ಳುತ್ತಾರೆ, ಇಲ್ಲವೇ 12 ವೋಲ್ಟಿನ ಮಾದರಿ ಹುಡುಕುತ್ತಾರೆ. ಪ್ಯಾಡು ಎರಡು ಬಗೆ: ಮರದ ಎಳೆಯ ಹುಲ್ಲಿನಂಥ ಪ್ಯಾಡು, ಜೇನುಗೂಡಿನಂತೆ ಕಾಣುವ ಸೆಲ್ಯುಲೋಸ್ ಪ್ಯಾಡು. ಮೊದಲನೆಯದು ಅಗ್ಗ, ಆದರೆ ಗಾಡಿಯ ಕುಲುಕಾಟಕ್ಕೆ ಕುಸಿದು ಮೇಲ್ಭಾಗದಲ್ಲಿ ಖಾಲಿಯಾಗುತ್ತದೆ. ಅಲ್ಲಿಂದ ಬಿಸಿಗಾಳಿ ನುಸುಳುತ್ತದೆ. ವಾಹನಕ್ಕೆ ಜೇನುಗೂಡಿನದೇ ಸರಿ.

ಕೂಲರ್ ಬಳಸುವವರಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಗಾಡಿಯ ನಡುವೆ ಕೂಲರ್ ಇಟ್ಟು, ತಂಪು ಹೊರಹೋಗದಿರಲಿ ಎಂದು ಕಿಟಕಿ ಮುಚ್ಚುತ್ತಾರೆ. ಮೊದಲ ಹತ್ತು ನಿಮಿಷ ಹಿತವೆನಿಸುತ್ತದೆ. ಆಮೇಲೆ ಕೂಲರ್ ತಾನೇ ಒದ್ದೆ ಮಾಡಿದ ಗಾಳಿಯನ್ನು ಮತ್ತೆ ಎಳೆದುಕೊಳ್ಳತೊಡಗುತ್ತದೆ. ಸೊಲ್ಲಾಪುರದ ಮಧ್ಯಾಹ್ನದಲ್ಲಿ ಗಾಡಿಯೊಳಗೆ ಡೊಂಬಿವಲಿಯ ಜೂನ್ ತಯಾರಾಗುತ್ತದೆ. ಕೂಲರಿನ ಬೆನ್ನು ಕಿಟಕಿಗೆ ಅಂಟಿಕೊಂಡು ಹೊರಗಿನ ಒಣಗಾಳಿಯನ್ನೇ ಎಳೆಯಬೇಕು. ಒಳಬಂದಷ್ಟೇ ಗಾಳಿ ಗಾಡಿಯ ಇನ್ನೊಂದು ತುದಿಯಿಂದ ಹೊರಹೋಗಬೇಕು. ಚಾವಣಿಯ ಮುಚ್ಚಳ ತೆರೆದಿಟ್ಟರೆ ತಗಡಿನ ಕೆಳಗೆ ಕಾದ ಗಾಳಿ ಮೊದಲು ಹೋಗುತ್ತದೆ. ಫ್ಯಾನನ್ನು ನಿಧಾನ ವೇಗಕ್ಕೆ ಹಾಕಿದರೆ ಇನ್ನೂ ಒಳ್ಳೆಯದು. ಚಾವಣಿಯ ಕಂಡಿಯಿಲ್ಲದ ಗಾಡಿಗೆ ಕೂಲರ್ ಕೊಳ್ಳುವುದು ಅರ್ಧ ಕೆಲಸ. ಕಂಡಿಯಿರುವ ಗಾಡಿಗೆ ಕೂಲರನ್ನು ಯಾವಾಗ ಬೇಕಾದರೂ ಸೇರಿಸಬಹುದು. ಮೊದಲು ಫ್ಯಾನ್, ಬೇಕಿದ್ದರೆ ಆಮೇಲೆ ಕೂಲರ್ ಎಂಬ ಕ್ರಮಕ್ಕೆ ಇದೇ ಕಾರಣ.

ನೀರಿನ ಖರ್ಚು ಯಾರೂ ಊಹಿಸದಷ್ಟಿದೆ. ಗಂಟೆಗೆ 1000 ಘನ ಮೀಟರ್ ಗಾಳಿಯನ್ನು 13–14 ಡಿಗ್ರಿ ಇಳಿಸಲು ಸುಮಾರು 6 ಲೀಟರ್ ನೀರು ಆವಿಯಾಗಬೇಕು. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಓಡಿಸಿದರೆ 30 ಲೀಟರ್. ಗಾಡಿಯ ಟ್ಯಾಂಕಿನಲ್ಲಿ ಅಡುಗೆ, ಸ್ನಾನ, ಶೌಚಕ್ಕೆಂದು ಇಟ್ಟುಕೊಂಡದ್ದೇ ನೂರು ಲೀಟರ್ ಎಂದಾದರೆ ಮೂರನೇ ಒಂದು ಭಾಗ ಗಾಳಿಗೆ ಹೋಯಿತು. ಅದೂ ಬೇಸಗೆಯಲ್ಲಿ, ಟ್ಯಾಂಕರಿಗಾಗಿ ಊರವರು ಕಾಯುವ ಬರದ ಸೀಮೆಯಲ್ಲಿ. ಅಲ್ಲಿನ ನಲ್ಲಿಯಲ್ಲಿ ಕೂಲರಿಗೆಂದು ನೀರು ತುಂಬಿಸಿಕೊಳ್ಳುವ ಮುನ್ನ ಯೋಚಿಸಬೇಕು. ಡೊಂಬಿವಲಿಯಿಂದಲೇ ಒಂದು ಹೆಚ್ಚುವರಿ ಕ್ಯಾನ್ ತುಂಬಿಕೊಂಡು ಹೋಗುವುದು, ದೊಡ್ಡ ಕೂಲರಿನ ಬದಲು ಗಂಟೆಗೆ ಎರಡು ಲೀಟರ್ ಬಳಸುವ ಚಿಕ್ಕದನ್ನು ಮಲಗುವ ಜಾಗಕ್ಕೆ ಮಾತ್ರ ತಿರುಗಿಸುವುದು, ಇವು ಸಭ್ಯ ಪ್ರಯಾಣಿಕರ ದಾರಿಗಳು.

ಆ ಸೀಮೆಯ ಬೋರ್‌ವೆಲ್ ನೀರು ಗಡಸು. ಆವಿಯಾಗುವುದು ನೀರು ಮಾತ್ರ. ಲವಣ ಪ್ಯಾಡಿನಲ್ಲೇ ಉಳಿದು ಬಿಳಿಯ ಪದರವಾಗುತ್ತದೆ. ಟ್ಯಾಂಕಿನ ನೀರನ್ನು ದಿನಕ್ಕೊಮ್ಮೆ ಚೆಲ್ಲಿ ಹೊಸದು ತುಂಬುವುದೊಂದೇ ಸುಲಭದ ಪರಿಹಾರ. ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು. ಪ್ರವಾಸ ಮುಗಿಸಿ ಬಂದು ಸೊಸೈಟಿಯ ಕಾಂಪೌಂಡಿನಲ್ಲಿ ನಿಲ್ಲಿಸಿದ ಗಾಡಿಯ ಕೂಲರಿನಲ್ಲಿ ನೀರು ಉಳಿದರೆ ಅದರ ಫಲ ಇಡೀ ಸೊಸೈಟಿಗೆ. ಕೂಲರನ್ನು ಒಣಗಿಸಿ, ಪ್ಯಾಡು ಬಿಸಿಲಿಗೆ ಹಾಕಿ ತೆಗೆದಿಡಬೇಕು.

ತೂಕವೂ ಇದೆ. 40 ಲೀಟರ್ ನೀರು ಎಂದರೆ 40 ಕಿಲೋ, ಅದೂ ಅಲುಗಾಡುವ ತೂಕ. ಕಸಾರಾ, ಮಾಳ್ಶೇಜ್, ಖಂಡಾಲ ಘಟ್ಟಗಳ ತಿರುವುಗಳಲ್ಲಿ ಅದು ಚೆಲ್ಲಿ ವಿದ್ಯುತ್ ತಂತಿಯ ಮೇಲೆ ಹರಿದರೆ ಕಷ್ಟ. ಘಟ್ಟ ಹತ್ತುವ ಮೊದಲು ಕೂಲರ್ ಖಾಲಿ ಇರಲಿ. ನೀರಿನ ಅಗತ್ಯ ಬೀಳುವುದು ಹೇಗೂ ಘಟ್ಟ ದಾಟಿದ ಮೇಲೆ.

ಬ್ಯಾಟರಿಯ ಲೆಕ್ಕ

ಠಾಣೆಯ ಘೋಡ್‌ಬಂದರ್ ರಸ್ತೆಯ ಕಡೆ ಚಿತ್ರೀಕರಣಕ್ಕೆ ನಿಲ್ಲುವ ವ್ಯಾನಿಟಿ ವ್ಯಾನುಗಳಲ್ಲಿ ಏಸಿ ಇಡೀ ದಿನ ಓಡುತ್ತದೆ, ಏಕೆಂದರೆ ಪಕ್ಕದಲ್ಲಿ ಜನರೇಟರ್ ಇರುತ್ತದೆ. ಸ್ವಂತ ಗಾಡಿಯಲ್ಲಿ ಊರಿಗೆ ಹೋಗುವ ಕುಟುಂಬಕ್ಕೆ ಇರುವುದು ಬ್ಯಾಟರಿ, ಜೊತೆಗೆ ಚಾವಣಿಯ ಸೋಲಾರ್ ಪ್ಯಾನೆಲ್. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಅದರ ಆಯಸ್ಸು ಕೆಡದಂತೆ ಬಳಸಬಹುದಾದದ್ದು ಅರ್ಧ, ಅಂದರೆ ಸುಮಾರು 600 ವ್ಯಾಟ್-ಅವರ್. ಮಧ್ಯಮ ವೇಗದಲ್ಲಿ 20 ವ್ಯಾಟ್ ಎಳೆಯುವ ಚಾವಣಿ ಫ್ಯಾನ್ ಇದರಲ್ಲಿ 30 ಗಂಟೆ ಓಡುತ್ತದೆ. ಪಂಪು ಸೇರಿ 60 ವ್ಯಾಟಿನ 12 ವೋಲ್ಟ್ ಕೂಲರ್ ಹತ್ತು ಗಂಟೆ. ಮನೆಯ 150 ವ್ಯಾಟಿನ ಕೂಲರ್, ಇನ್ವರ್ಟರಿನ ನಷ್ಟ ಕಳೆದು, ನಾಲ್ಕು ಗಂಟೆಗಿಂತ ಕಡಿಮೆ. 1500 ವ್ಯಾಟಿನ ಏಸಿ ಅರ್ಧ ಗಂಟೆಯನ್ನೂ ಮುಟ್ಟುವುದಿಲ್ಲ.

ಸೂರ್ಯ ನೆತ್ತಿಯ ಮೇಲಿರುವಾಗ ಪ್ರತಿ ಚದರ ಮೀಟರ್ ಚಾವಣಿಗೆ ಹತ್ತಿರ ಹತ್ತಿರ 1000 ವ್ಯಾಟ್ ಬೀಳುತ್ತದೆ. ಬಿಳಿ ಬಣ್ಣ, ಚಾವಣಿಯ ಒಳಗೆ ಇನ್ಸುಲೇಶನ್, ಮುಂಗಾಜಿಗೆ ಹೊರಗಿನಿಂದ ಹಾಕುವ ಪರದೆ, ಮರದ ನೆರಳು ಇವನ್ನು ಮೊದಲು ಮಾಡದೆ ಯಾವ ಯಂತ್ರ ಕೊಂಡರೂ ಅದರ ಶಕ್ತಿಯ ಬಹುಪಾಲು ತಗಡಿನ ಬಿಸಿಯೊಡನೆ ಹೋರಾಡುವುದರಲ್ಲೇ ಹೋಗುತ್ತದೆ.

ಡೊಂಬಿವಲಿಯಲ್ಲೂ ಕೂಲರಿಗೆ ಕೆಲವು ಗಂಟೆಗಳು

ಕರಾವಳಿಯಲ್ಲಿ ಕೂಲರ್ ಎಂದೂ ಬೇಡ ಎನ್ನುವುದೂ ಪೂರ್ತಿ ಸರಿಯಲ್ಲ. ಮಾರ್ಚ್, ಏಪ್ರಿಲ್‌ಗಳಲ್ಲಿ ಕೆಲವು ದಿನ ಪೂರ್ವದ ಒಣಗಾಳಿ ಘಟ್ಟ ಇಳಿದು ಬೀಸುತ್ತದೆ, ಸಮುದ್ರದ ಗಾಳಿ ತಡವಾಗಿ ಏಳುತ್ತದೆ. ಆಗ ಠಾಣೆ, ಕಲ್ಯಾಣ, ಬದ್ಲಾಪುರಗಳು ಮುಂಬೈ ನಗರಕ್ಕಿಂತ ಹಲವು ಡಿಗ್ರಿ ಹೆಚ್ಚು ಕಾಯುತ್ತವೆ, 40 ಡಿಗ್ರಿಯನ್ನೂ ದಾಟುತ್ತವೆ. ತೇವಾಂಶ ಬಯಲುಸೀಮೆಯ ಮಟ್ಟಕ್ಕೆ ಇಳಿಯುತ್ತದೆ. ಅಂಥ ಮಧ್ಯಾಹ್ನ ಕೂಲರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸಂಜೆ ಸಮುದ್ರದ ಗಾಳಿ ಒಳಬಂದ ಕೂಡಲೇ ಅದೇ ಯಂತ್ರ ಕಿರಿಕಿರಿಯಾಗುತ್ತದೆ. ಗಾಡಿಯಲ್ಲಿ ತೇವಾಂಶ ತೋರಿಸುವ ಚಿಕ್ಕ ಮೀಟರ್ ಇದ್ದರೆ ಗೊಂದಲವಿರುವುದಿಲ್ಲ. ಹೊರಗಿನ ತೇವಾಂಶ ಶೇ. 40ಕ್ಕಿಂತ ಕಡಿಮೆ, ಉಷ್ಣತೆ 35ಕ್ಕಿಂತ ಹೆಚ್ಚು ಇದ್ದರೆ ಪಂಪು ಹಾಕಬಹುದು, ಶೇ. 60 ದಾಟಿದರೆ ಪಂಪು ನಿಲ್ಲಿಸಿ ಫ್ಯಾನ್ ಮಾತ್ರ ಸಾಕು. ನಡುವಿನ ಹೊತ್ತಿನಲ್ಲಿ ಮೈಯೇ ಹೇಳುತ್ತದೆ. ಜೂನ್ ನಂತರ ಸೊಲ್ಲಾಪುರ, ವಿಜಯಪುರಗಳ ಗಾಳಿಯೂ ತೇವವಾಗುವುದರಿಂದ ಅಲ್ಲಿಯೂ ಕೂಲರಿನ ಕಾಲ ಮುಗಿಯುತ್ತದೆ.

ಚಾವಣಿ ಕೊರೆಯುವ ಮುನ್ನ

ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಕೇರಳವೂ ಅದೇ ವರ್ಷ ತನ್ನದನ್ನು ಪ್ರಕಟಿಸಿತು. ಮೋಟರ್ ಕ್ಯಾರವಾನ್‌ಗಳ ಅನುಮೋದನೆಗೆ ಎಐಎಸ್ 124 ಎಂಬ ವಾಹನ ಮಾನದಂಡವಿದೆ. ಹಾಗೆ ಅನುಮೋದನೆ ಪಡೆದ ಗಾಡಿಯಲ್ಲಿ ಫ್ಯಾನಿನ ಕಂಡಿಯಿದ್ದರೆ ಅದೂ ಆ ಅನುಮೋದನೆಯಲ್ಲೇ ಸೇರಿರುತ್ತದೆ. ಸಾಮಾನ್ಯ ವ್ಯಾನನ್ನು ಕೊಂಡು ಗ್ಯಾರೇಜಿನಲ್ಲಿ ಚಾವಣಿ ಕೊರೆಸುವುದು ಬೇರೆಯೇ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಡೊಂಬಿವಲಿಯ ಗಾಡಿಗಳು ಎಂಎಚ್ 05 ಸಂಖ್ಯೆಯ ಕಲ್ಯಾಣ ಆರ್‌ಟಿಒಗೆ ಸೇರುತ್ತವೆ. ಕೊರೆಯುವ ಮೊದಲು ಅಲ್ಲಿ ಲಿಖಿತ ಒಪ್ಪಿಗೆ ಕೇಳುವುದು ಕ್ಷೇಮ. ಇಲ್ಲವಾದರೆ ಫಿಟ್‌ನೆಸ್ ತಪಾಸಣೆಯಲ್ಲಿಯೂ ವಿಮೆಯ ಹಣ ಕೇಳುವಾಗಲೂ ಆ ಕಂಡಿ ತೊಡಕಾಗಬಹುದು. ಚಾವಣಿಯ ಅಡ್ಡಪಟ್ಟಿಗಳನ್ನು ಕತ್ತರಿಸದೆ, ಅವುಗಳ ನಡುವಿನ ಜಾಗದಲ್ಲೇ ಕಂಡಿ ಬರುವಂತೆ ನೋಡಿಕೊಳ್ಳಬೇಕು.

ಜೀವಕ್ಕೆ ಸಂಬಂಧಿಸಿದ ಎಚ್ಚರ

ಹೊರದೂಡುವ ಫ್ಯಾನ್ ಗಾಡಿಯೊಳಗಿನ ಗಾಳಿಯ ಒತ್ತಡವನ್ನು ತುಸು ಇಳಿಸುತ್ತದೆ. ಎಲ್ಲೆಲ್ಲಿ ಸಂದು ಇದೆಯೋ ಅಲ್ಲಿಂದೆಲ್ಲ ಹೊರಗಾಳಿ ನುಗ್ಗುತ್ತದೆ. ಕಿಟಕಿಗಳು ಮುಚ್ಚಿದ್ದು, ಗಾಡಿಯ ಕೆಳಗೋ ಪಕ್ಕದಲ್ಲೋ ಜನರೇಟರ್ ಓಡುತ್ತಿದ್ದರೆ ಅದರ ಹೊಗೆಯೇ ನೆಲದ ಸಂದಿನಿಂದ ಒಳಬರಬಹುದು. 2024ರ ಡಿಸೆಂಬರಿನಲ್ಲಿ ಕೇರಳದ ವಡಕರದಲ್ಲಿ ರಸ್ತೆಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಇಬ್ಬರು ಸತ್ತು ಬಿದ್ದಿದ್ದರು. ಜನರೇಟರಿನಿಂದ ಹೊರಬಿದ್ದ ಕಾರ್ಬನ್ ಮೊನಾಕ್ಸೈಡ್ ನೆಲದ ರಂಧ್ರದ ಮೂಲಕ ಒಳಸೇರಿತ್ತು ಎಂದು ಕೋಳಿಕ್ಕೋಡಿನ ಎನ್‌ಐಟಿ ತಜ್ಞರು ಪರೀಕ್ಷೆ ನಡೆಸಿ ಕಂಡುಕೊಂಡರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತಾಗುವುದೇ ಇಲ್ಲ. ಟ್ರಕ್ ಟರ್ಮಿನಲ್‌ನಲ್ಲಿ, ಢಾಬಾದ ಅಂಗಳದಲ್ಲಿ ಪಕ್ಕದ ಲಾರಿಯ ಎಂಜಿನ್ ಓಡುತ್ತಿದ್ದರೂ ಇದೇ ಅಪಾಯ. ಜನರೇಟರ್ ಓಡುವಾಗ ಅದರ ವಿರುದ್ಧ ಮಗ್ಗುಲಿನ ಕಿಟಕಿ ತೆರೆದೇ ಇರಬೇಕು, ಮತ್ತು ಜನರೇಟರ್ ಹಚ್ಚಿಟ್ಟು ಮಲಗಬಾರದು.

ಅಡುಗೆ ಅನಿಲ ಇನ್ನೊಂದು ಬಗೆಯದು. ಅದು ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ನಿಲ್ಲುತ್ತದೆ, ಮೇಲಿನ ಫ್ಯಾನಿಗೆ ಬೇಗ ಸಿಗುವುದಿಲ್ಲ. ಸಿಲಿಂಡರ್ ಇಡುವ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ರಂಧ್ರ ಇರಲೇಬೇಕು. ವಾಸನೆ ಬಂದಾಗ ಫ್ಯಾನಿನ ಸ್ವಿಚ್ ಹಾಕುವುದು ಕಿಡಿಗೆ ಅವಕಾಶ ಕೊಟ್ಟಂತೆ. ಸಿಲಿಂಡರ್ ಬಂದ್ ಮಾಡಿ, ಬಾಗಿಲು ತೆರೆದು ಎಲ್ಲರೂ ಕೆಳಗಿಳಿಯಬೇಕು. ಅಡುಗೆ ಅನಿಲದ ಅಲಾರಾಂ ನೆಲದಿಂದ ಒಂದು ಗೇಣು ಮೇಲೆ, ಕಾರ್ಬನ್ ಮೊನಾಕ್ಸೈಡಿನ ಅಲಾರಾಂ ಮಲಗಿದವರ ತಲೆಯ ಮಟ್ಟದಲ್ಲಿ ಇರಬೇಕು. ಕೂಲರ್ ಅಥವಾ ಫ್ಯಾನಿಗೆ ಹಣ ತೆಗೆದಿಡುವಾಗ ಈ ಎರಡು ಅಲಾರಾಂಗಳ ಬೆಲೆಯನ್ನೂ ಅದರಲ್ಲೇ ಸೇರಿಸಿಕೊಳ್ಳಬೇಕು.